ಸೂಜಿಕಲ್ಲಿನ ಸರ್ವೆ ನಂಬರ್ ನಲವತ್ತೇಳು

ಹುಳಿಯಾರು
೧೨ ಜನವರಿ ೨೦೨೫

ಹನುಮಂತಯ್ಯ ಮೇಷ್ಟ್ರಿಗೆ ಸುಷ್ಮಿತಾಳ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಮಾತು ಕೇಳಿಸುವುದಿಲ್ಲ, ಕಾಗದ ಬರೆದರೆ ತಪ್ಪದೆ ಉತ್ತರ ಬರೆಯುತ್ತಾರೆ ಎಂದು ನಿಮ್ಮ ಮಗಳು ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ತುಮಕೂರಿನಲ್ಲಿ ನಮ್ಮ ಭೂಮಾಪಕರ ತರಬೇತಿಗೆ ನೀವು ಪಾಠ ಹೇಳಿ ಒಂಬತ್ತು ವರ್ಷವಾಯಿತು. ಮೂರು ತಿಂಗಳಲ್ಲಿ ನಾಲ್ಕು ಸಲ ನನ್ನನ್ನು ತರಗತಿಯಿಂದ ಹೊರಗೆ ನಿಲ್ಲಿಸಿದ್ದಿರಿ. ಈಗ ನೆನಪಾಗಿರಬೇಕು.

ನಾನೀಗ ಹಂದನಕೆರೆ ಭಾಗದ ತೆಂಗು ಬೆಳೆಗಾರರ ಒಕ್ಕೂಟದಲ್ಲಿ ಕೆಲಸಕ್ಕಿದ್ದೇನೆ. ಮರಗಳಿಗೆ ಕಾಂಡ ಸೋರುವ ರೋಗ ಬಂದು ಎಲ್ಲಿಂದ ಎಲ್ಲಿಗೆ ಹರಡುತ್ತಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಒಕ್ಕೂಟದವರು ಹನ್ನೊಂದು ಹಳ್ಳಿಗಳ ಎಲ್ಲ ತೋಟಗಳನ್ನೂ ಒಂದು ಡೇಟಾಬೇಸಿಗೆ ಹಾಕಿಸಿದ್ದಾರೆ. ಪ್ರತಿ ಮರ ಎಲ್ಲಿದೆ, ಪ್ರತಿ ಬದು ಎಲ್ಲಿ ಹಾದು ಹೋಗುತ್ತದೆ, ಗಡಿಗೆ ನೆಟ್ಟ ಪ್ರತಿ ಬಾಂದುಕಲ್ಲು ಎಲ್ಲಿ, ಎಲ್ಲವೂ ಅಂಕಿಗಳಾಗಿ ಕುಳಿತಿವೆ. ಮರಗಳನ್ನು ಆಯಾ ಹಳ್ಳಿಯ ಹುಡುಗರೇ ಉಪಗ್ರಹದ ಜಿಪಿಎಸ್ ಯಂತ್ರ ಹಿಡಿದು ಗುರುತು ಮಾಡಿದರು. ಗಡಿಗಳಿಗೆ ಮಾತ್ರ ಹಳೆಯ ಸರ್ವೆ ಟಿಪ್ಪಣಿಗಳ ಪ್ರತಿ ತರಿಸಿ, ಅದರ ಅಳತೆಗಳನ್ನು ಇಬ್ಬರು ಹೆಣ್ಣುಮಕ್ಕಳ ಕೈಲಿ ಟೈಪು ಮಾಡಿಸಿದೆವು.

ಈಗಿನ ಕಷ್ಟ ಏನೆಂದರೆ, ಅಂಕಿಗಳನ್ನು ರೈತರ ಮುಂದೆ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಚಿತ್ರವಾಗಿ ತೋರಿಸಬೇಕು. ಅದಕ್ಕೆ ಎರಡು ಸಾಫ್ಟ್‌ವೇರ್ ನಮ್ಮ ಮುಂದಿವೆ. ಒಂದು ಕಂಪನಿಯದು, ಬೆಲೆ ಹೆಚ್ಚು. ಹಳೆಯ ಸರ್ವೆ ನಕ್ಷೆಯ ಫೋಟೋವನ್ನೇ ಕೆಳಗೆ ಹಾಸಿ, ಮೇಲೆ ಮರಗಳನ್ನು ಕೂರಿಸಿ ಬಣ್ಣ ತುಂಬುತ್ತದೆ. ಇದಕ್ಕೆ ನಾವು ‘ಬಣ್ಣದ್ದು’ ಎನ್ನುತ್ತೇವೆ. ಇನ್ನೊಂದು ಪುಕ್ಕಟೆ. ಅದು ಯಾವ ಫೋಟೋವನ್ನೂ ಕೇಳುವುದಿಲ್ಲ. ಡೇಟಾಬೇಸಿನ ಅಂಕಿಗಳನ್ನು ಓದಿ, ಪ್ರತಿ ಸಲ ಗೆರೆಗಳನ್ನು ಹೊಸದಾಗಿ ತಾನೇ ಎಳೆಯುತ್ತದೆ. ನೋಡಲು ಬರೀ ಕಪ್ಪು ಗೆರೆ. ಅದು ‘ಬೋಳು’.

ನಮ್ಮ ಅಧ್ಯಕ್ಷರು ವೀರಭದ್ರಯ್ಯನವರು, ಕೊಬ್ಬರಿ ವ್ಯಾಪಾರಿ, ಬಣ್ಣದ್ದನ್ನೇ ಕೊಳ್ಳೋಣ ಎನ್ನುತ್ತಾರೆ. ಕಾರ್ಯದರ್ಶಿ ವೆಂಕಟಯ್ಯನವರು, “ದುಡ್ಡು ಸುಮ್ನೆ ಬತ್ತದಾ? ಬೋಳೇ ಸಾಕು ಬುಡ್ರಿ” ಎನ್ನುತ್ತಾರೆ. ಕೊನೆಗೆ ಆರಿಸಬೇಕಾದವಳು ನಾನು. ಈ ತಾಲ್ಲೂಕನ್ನು ಸರಪಳಿ ಹಿಡಿದು ಅಳೆದವರು ನೀವು. ಜನ ಯಾವುದನ್ನು ನಂಬುತ್ತಾರೆ, ಹೇಳಿ.

ಇತಿ ನಿಮ್ಮ ವಿದ್ಯಾರ್ಥಿನಿ,
ಸುಷ್ಮಿತಾ


ಭಾಲ್ಕಿ
೨೧ ಜನವರಿ ೨೦೨೫

ಚಿ. ಸುಷ್ಮಿತಾಳಿಗೆ ಹನುಮಂತಯ್ಯ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನೆನಪಿದೆ. ನಾಲ್ಕು ಸಲವಲ್ಲ, ಐದು ಸಲ. ಐದನೆಯ ಸಲ ನೀನೇ ಎದ್ದು ಹೋಗಿದ್ದೆ.

ಕೇಳಿದ್ದಕ್ಕೆ ನನ್ನ ಅಭಿಪ್ರಾಯ ತಿಳಿಸುತ್ತೇನೆ. ಬಣ್ಣದ್ದನ್ನೇ ತೆಗೆದುಕೊಳ್ಳುವುದು ಲೇಸು. ಕಾರಣವಿಷ್ಟೆ. ನಮ್ಮ ಕಡೆಯ ರೈತನಿಗೆ ನಕ್ಷೆ ಎಂದರೆ ಸರ್ಕಾರದ ಮೊಹರು ಬಿದ್ದ ಹಳೆಯ ಕಾಗದ. ಅದನ್ನು ಅವನ ಅಪ್ಪ ಟ್ರಂಕಿನಲ್ಲಿ ಮಡಿಸಿಟ್ಟಿರುತ್ತಾನೆ. ಅದೇ ಕಾಗದದ ಚಿತ್ರ ಪರದೆಯ ಮೇಲೆ ಕಂಡರೆ ನಂಬುತ್ತಾನೆ. ಯಂತ್ರ ಹೊಸದಾಗಿ ಎಳೆದ ಗೆರೆ ಅರ್ಧ ಅಡಿ ಆಚೆ ಹೋದರೂ ಊರಿನಲ್ಲಿ ಮಚ್ಚು ಹೊರಬರುತ್ತದೆ. ನಿನಗೆ ಬೇಕಾಗಿರುವುದು ರೋಗದ ಲೆಕ್ಕ. ಗಡಿಯ ತಂಟೆಗೆ ಹೋಗುವ ಅಗತ್ಯವಿಲ್ಲ.

ಟೈಪು ಮಾಡಿದ ಅಂಕಿಗಳನ್ನಂತೂ ಹೆಚ್ಚು ನಂಬಬೇಡ. ಹಳೆಯ ಟಿಪ್ಪಣಿಗಳಲ್ಲಿ ಮಸಿ ಹರಡಿರುತ್ತದೆ. ಮೂರು ಎಂಟಾಗುತ್ತದೆ, ಒಂದು ಏಳಾಗುತ್ತದೆ.

ಇಲ್ಲಿ ಚಳಿ ಕಡಿಮೆಯಾಗಿದೆ. ಮೊಮ್ಮಗಳಿಗೆ ಗಂಡು ಗೊತ್ತಾಗಿದೆ. ಆ ಹನ್ನೊಂದು ಹಳ್ಳಿಗಳು ಯಾವುವು, ಮುಂದಿನ ಕಾಗದದಲ್ಲಿ ಬರೆ. ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಇತಿ,
ಹನುಮಂತಯ್ಯ


ಹುಳಿಯಾರು
೩ ಫೆಬ್ರವರಿ ೨೦೨೫

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಮಾತು ಓದಿ ಬಣ್ಣದ್ದನ್ನೇ ಆರಿಸೋಣವೆಂದು ಮುಕ್ಕಾಲು ಮನಸ್ಸು ಮಾಡಿದ್ದೆ. ಆದರೂ ತೂಗಿ ನೋಡದೆ ತಕ್ಕಡಿ ಕೊಳ್ಳಬಾರದೆಂದು ನೀವೇ ಹೇಳಿಕೊಟ್ಟಿದ್ದಿರಿ. ಅದಕ್ಕೆ ಹನ್ನೊಂದು ಹಳ್ಳಿಗಳನ್ನೂ ಎರಡರಲ್ಲೂ ತೆರೆದು, ಒಂದರ ಮೇಲೊಂದು ಇಟ್ಟು ನೋಡಿದೆ. ನಾಲ್ಕು ದಿನ ಹಿಡಿಯಿತು. ಎರಡು ಸಾವಿರದ ಚಿಲ್ಲರೆ ಜಮೀನುಗಳು. ಎಲ್ಲ ಕಡೆ ಬೋಳಿನ ಗೆರೆಯೂ ಹಳೆಯ ನಕ್ಷೆಯ ಗೆರೆಯೂ ಒಂದು ಗೇಣಿನೊಳಗೆ ಕೂಡಿಕೊಂಡವು. ನಿಮ್ಮ ಕಾಲದ ಸರಪಳಿಗೆ ಕೈ ಮುಗಿಯಬೇಕು!

ಒಂದು ಕಡೆ ಮಾತ್ರ ಕೂಡಲಿಲ್ಲ. ಹಂದನಕೆರೆ ದಾಟಿದ ಮೇಲೆ ಸೂಜಿಕಲ್ಲು ಎಂಬ ಸಣ್ಣ ಊರಿದೆಯಲ್ಲ, ಅಲ್ಲಿಯ ಸರ್ವೆ ನಂಬರ್ ನಲವತ್ತೇಳು. ನಕ್ಷೆಯ ಫೋಟೋದಲ್ಲಿ ಗಡಿ ಪಶ್ಚಿಮಕ್ಕಿದೆ. ಅಂಕಿಗಳಿಂದ ಬೋಳು ಎಳೆದ ಗಡಿ ಅದಕ್ಕಿಂತ ಎಪ್ಪತ್ತು ಅಡಿ ಪೂರ್ವಕ್ಕಿದೆ. ನಡುವೆ ಮೂವತ್ತೆಂಟು ತೆಂಗಿನ ಮರಗಳು. ನಕ್ಷೆಯ ಪ್ರಕಾರ ಅವು ನಮ್ಮ ಅಧ್ಯಕ್ಷರು ವೀರಭದ್ರಯ್ಯನವರ ತೋಟಕ್ಕೆ ಸೇರಿವೆ. ಅಂಕಿಗಳ ಪ್ರಕಾರ ಪಕ್ಕದ ಭೂತಮ್ಮ ಎಂಬ ಹೆಂಗಸಿನವು.

ಟೈಪು ಮಾಡುವಾಗ ತಪ್ಪಾಯಿತೇ ಎಂದು ಟಿಪ್ಪಣಿಯ ಪ್ರತಿ ತೆಗೆದು ನೋಡಿದೆ. ಕೆಳಗೆ ಯಾರ ರುಜು ಇತ್ತು ಹೇಳಿ? ನಿಮ್ಮದು! ೧೯೯೩ರ ಮೇ ತಿಂಗಳು. ಖುಷಿಯಾಗಿ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ಅಂಕಿಗಳು ಮುತ್ತಿನಂತಿವೆ, ಮಸಿ ಎಲ್ಲೂ ಹರಡಿಲ್ಲ. ನಕ್ಷೆ ಮಾತ್ರ ಚಿಕ್ಕ ಮಕ್ಕಳು ಎಳೆದ ಹಾಗೆ ಅಂಕುಡೊಂಕು. ಅದರ ಮೇಲಿನ ರುಜುವೂ ಹಾಗೇ. ಅವತ್ತು ನಿಮಗೆ ಜ್ವರವಿತ್ತೇ? ಅಥವಾ ಬೇರೆ ಯಾರೋ ನಕ್ಷೆ ಎಳೆದು ನಿಮ್ಮ ಹೆಸರು ಹಾಕಿದರೇ?

ಅಂಕಿ ತಪ್ಪೋ ನಕ್ಷೆ ತಪ್ಪೋ, ನಿಮಗೆ ನೆನಪಿದ್ದರೆ ಒಂದು ಸಾಲು ಬರೆದರೆ ಸಾಕು. ನಾನು ತಿದ್ದಿಕೊಳ್ಳುತ್ತೇನೆ.

ಸುಷ್ಮಿತಾ


ಭಾಲ್ಕಿ
೧೦ ಫೆಬ್ರವರಿ ೨೦೨೫

ಚಿ. ಸುಷ್ಮಿತಾಳಿಗೆ ಆಶೀರ್ವಾದ.

ಅಂಕಿಯೇ ತಪ್ಪು. ಟಿಪ್ಪಣಿ ಬರೆಯುವಾಗ ನನ್ನಿಂದ ಪ್ರಮಾದವಾಗಿರಬೇಕು. ನಕ್ಷೆಯಲ್ಲಿರುವಂತೆ ಡೇಟಾಬೇಸಿನಲ್ಲಿ ತಿದ್ದಿಬಿಡು.

ಸ್ಥಳಕ್ಕೆ ಹೋಗುವ ಅಗತ್ಯವಿಲ್ಲ. ಬಿಸಿಲು ಏರುತ್ತಿದೆ. ಹೋಗಬೇಡ.

ಹನುಮಂತಯ್ಯ


ತಿಪಟೂರು, ಆಸ್ಪತ್ರೆ
೨ ಮಾರ್ಚ್ ೨೦೨೫

ಮೇಷ್ಟ್ರೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ. ಓದಿಕೊಳ್ಳಿ. ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ನೀವು ಬೇಡವೆಂದರೂ ನಾನು ಹೋದೆ. ನೀವು ಬಿಸಿಲಿಗೆ ಹೆದರಿ ಬೇಡ ಎಂದಿರಿ ಎಂದುಕೊಂಡೆ. ಮುತ್ತಿನಂಥ ಅಂಕಿಗಳನ್ನು ಅಳಿಸಲು ಕೈ ಬರಲಿಲ್ಲ. ಒಂದು ಸಲ ಅಳೆದು ನೋಡಿ ಆಮೇಲೆ ತಿದ್ದಿದರಾಯಿತು ಎಂದು ಫೆಬ್ರವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ಸ್ಕೂಟರಿನಲ್ಲಿ ಯಂತ್ರ ಕಟ್ಟಿಕೊಂಡು ಸೂಜಿಕಲ್ಲಿಗೆ ಹೊರಟೆ.

ಭೂತಮ್ಮ ರಾಗಿ ಹುಲ್ಲು ಬಿಡಿಸುತ್ತಿದ್ದಳು. ಅರವತ್ತರ ಆಸುಪಾಸು, ಕಡ್ಡಿಯಂಥ ಮೈ. “ಯಾರವ್ವಾ ನೀನು? ಕಲ್ಲು ಹುಡುಕೋಳಾ? ಆ ಕಲ್ಲು ಹುಡುಕಕೆ ಹೋಗಿ ನನ್ ಗಂಡ ಸತ್ತ ಕಣವ್ವಾ” ಎಂದಳು. ಅವನು ಮರದಿಂದ ಬಿದ್ದು ಸತ್ತ ಎಂದು ಒಕ್ಕೂಟದ ದಾಖಲೆಯಲ್ಲಿದೆ ಎಂದೆ. ಅವಳು ನಕ್ಕಳು. ಆದರೆ ಕುಡುಗೋಲು ಕೆಳಗಿಟ್ಟು ನನ್ನ ಜೊತೆ ಬಂದಳು.

ಅಂಕಿ ಹೇಳಿದ ಜಾಗದಲ್ಲಿ ಇಬ್ಬರೂ ಮಣ್ಣು ಕೆದಕಿದೆವು. ಮೊಳದಾಳದಲ್ಲಿ ಬಾಂದುಕಲ್ಲು ಸಿಕ್ಕಿತು. ನಾನು ಅಳತೆ ತೆಗೆಯುತ್ತಿರುವಾಗಲೇ ವೀರಭದ್ರಯ್ಯ ಬೈಕಿನಲ್ಲಿ ಬಂದರು. ಹಿಂದೆ ಮಗ ಮೋಕ್ಷಿತ್, ತೋಟ ಕಾಯುವ ಕೆಂಚಪ್ಪ. “ಏನಮ್ಮಾ ಸುಷ್ಮಿತಾ, ಈ ಬಿಸ್ಲಲ್ಲಿ?” ಎಂದು ನಗುತ್ತಲೇ ಕೇಳಿದರು. ನಾನು ದಡ್ಡಿ, ಟ್ಯಾಬ್ ತೆರೆದು ತೋರಿಸಿದೆ. “ನಕ್ಷೆ ತಪ್ಪಾಗಿದೆ ಸರ್, ಅಂಕಿ ಸರಿ ಇದೆ. ಅಳೆದಿದ್ದು ನಮ್ ಮೇಷ್ಟ್ರು ಹನುಮಂತಯ್ಯ” ಎಂದೆ.

ಅವರು ಬಹಳ ಹೊತ್ತು ಆ ಕಪ್ಪು ಗೆರೆಯನ್ನು ನೋಡಿದರು. ಆಮೇಲೆ ನಾವು ಕಲ್ಲು ಕೆದಕಿದ್ದ ಹಾರೆಯನ್ನು ಎತ್ತಿಕೊಂಡರು. ಮೊದಲ ಏಟಿಗೆ ಯಂತ್ರ ಹೋಯಿತು. ಎರಡನೆಯದು ನನ್ನ ಭುಜಕ್ಕೆ ಬಿತ್ತು. ಒಣ ಗರಿ ಮುರಿದಂಥ ಸದ್ದು ಬಂತು. ಅದು ನನ್ನ ಮೂಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಿದ್ದ ಮೇಲೆ ತೋಳಿಗೆ ಇನ್ನೊಂದು. ಭೂತಮ್ಮ ನನ್ನ ಮೇಲೆ ಅಡ್ಡ ಬಿದ್ದಳು. ಕೆಂಚಪ್ಪ ಮಚ್ಚು ಬೀಸಿದ. ಅವಳ ಮುಂಗೈ ಸೀಳಿ ಬಿಳಿ ಮೂಳೆ ಕಂಡಿತು. ಅವಳು ಇನ್ನೊಂದು ಕೈಯಲ್ಲಿ ಕಲ್ಲು ತೆಗೆದು ಅವನ ಬಾಯಿಗೆ ಗುದ್ದಿದಳು. ಹಲ್ಲು ಉದುರಿದ ಮೇಲೆ ಅವನು ಹಿಂದೆ ಸರಿದ.

ವೀರಭದ್ರಯ್ಯ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. “ನಿಮ್ ಮೇಷ್ಟ್ರನ್ನೇ ಕೇಳು ಹೋಗು. ಅವ್ನಿಗೆ ಬೆರಳು ಹೋಯ್ತು. ನಿಂಗೆ ತೋಳು ಹೋಯ್ತು. ಇನ್ನೊಂದ್ಸಲ ಈ ಕಡೆ ಬಂದ್ರೆ ತಲೆ.”

ಮೋಕ್ಷಿತ್ ಮುಟ್ಟಲಿಲ್ಲ, ಬಿಡಿಸಲೂ ಇಲ್ಲ. ಪೊಲೀಸರಿಗೆ ಮಾತ್ರ, “ಮೇಡಂ ಬದು ಮೇಲಿಂದ ಜಾರಿ ಬಿದ್ರು” ಎಂದು ಹೇಳಿಕೆ ಕೊಟ್ಟಿದ್ದಾನೆ.

ಭುಜದ ಮೂಳೆ ಕೂಡಿಸಲು ಲೋಹದ ತಗಡು ಹಾಕಿದ್ದಾರೆ. ಮೇಷ್ಟ್ರೇ, ನಿಮ್ಮ ಬಲಗೈಯ ಎರಡು ಬೆರಳು ಬಸ್ಸಿನ ಬಾಗಿಲಿಗೆ ಸಿಕ್ಕಿದವು ಎಂದು ನಮಗೆ ಹೇಳಿದ್ದಿರಿ. ಆ ಮಾತು ನಿಜವೇ?

ಸುಷ್ಮಿತಾ


ಭಾಲ್ಕಿ
೧೪ ಮಾರ್ಚ್ ೨೦೨೫

ಸುಷ್ಮಿತಾ,

ಆಶೀರ್ವಾದ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ಅದಕ್ಕೇ ಬರೆದಿಲ್ಲ.

ಬಸ್ಸಿನ ಬಾಗಿಲು ಸುಳ್ಳು. ಟಿಪ್ಪಣಿಯ ಅಂಕಿ ತಪ್ಪು ಎಂದದ್ದೂ ಸುಳ್ಳು. ನಡೆದದ್ದನ್ನು ಬರೆಯುತ್ತೇನೆ.

ಭೂತಮ್ಮನ ಗಂಡ ಸಣ್ಣತಿಮ್ಮಯ್ಯ ತನ್ನ ಗಡಿ ಗುರುತು ಮಾಡಿಕೊಡಿ ಎಂದು ಅರ್ಜಿ ಕೊಟ್ಟಿದ್ದ. ವೀರಭದ್ರಯ್ಯನ ತಂದೆ ಬೇಲಿ ಸರಿಸಿ ಮೂವತ್ತೆಂಟು ಮರಗಳನ್ನು ಒಳಗೆ ಹಾಕಿಕೊಂಡಿದ್ದರು. ೧೯೯೩ರ ಮೇ ಹದಿನೆಂಟರಂದು ನಾನು ಅಳತೆಗೆ ಹೋದೆ. ಸರಪಳಿ ಹಿಡಿಯುವ ನೌಕರ ರಜೆಯಲ್ಲಿದ್ದ. ಅದರ ಇನ್ನೊಂದು ತುದಿಯನ್ನು ಸಣ್ಣತಿಮ್ಮಯ್ಯನೇ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಅಳತೆಗಳನ್ನೂ ಟಿಪ್ಪಣಿಗೆ ಬರೆದು ಮುಗಿಸಿದ್ದೆ. ನೀನು ಮುತ್ತಿನಂತಿವೆ ಎಂದ ಅಂಕಿಗಳು ಅವೇ. ಹೂತುಹಾಕಿದ್ದ ಕಲ್ಲೂ ಸಿಕ್ಕಿತ್ತು. ಖಾತ್ರಿಗೆಂದು ಕೊನೆಯ ಒಂದು ಸರಪಳಿ ಮತ್ತೆ ಎಳೆದೆವು. ಅವನಿಗೆ ಖುಷಿಯೋ ಖುಷಿ. “ನನ್ ಮರ ನಂಗೆ ಬಂದೊ ಕಣ್ ಸ್ವಾಮಿ. ಇವತ್ತು ನಮ್ಮನೇಲೇ ಉಣ್ಬೇಕು ನೀವು” ಎಂದ.

ವೀರಭದ್ರಯ್ಯನಿಗೆ ಆಗ ಇಪ್ಪತ್ತಾರು ವರ್ಷ. ಹಾರೆ ಹಿಡಿದು ಸಣ್ಣತಿಮ್ಮಯ್ಯನ ಹಿಂದಿನಿಂದ ಬಂದ. ನಾನು ನೋಡಿದೆ. ಕೂಗಬಹುದಾಗಿತ್ತು. ಒಂದು ಗಳಿಗೆಯ ಸಮಯವಿತ್ತು. ಕೂಗಲಿಲ್ಲ. ತಲೆಗೆ ಬಿದ್ದ ಏಟಿನ ಸದ್ದಿಗಿಂತ ಮುಂಚೆ ಸರಪಳಿ ನನ್ನ ಕೈಯಲ್ಲಿ ಜಗ್ಗಿದ್ದು ನನಗೆ ಗೊತ್ತಾಯಿತು. ಆ ತುದಿಯನ್ನು ಅವನು ಬಿಟ್ಟಿರಲಿಲ್ಲ. ಇನ್ನೂ ಎರಡು ಏಟು ಬಿದ್ದವು. ಮೂರನೆಯದಕ್ಕೆ ಸರಪಳಿ ಸಡಿಲವಾಯಿತು.

ನನ್ನನ್ನು ಅವರ ಮನೆಯ ಕೊಬ್ಬರಿ ಅಟ್ಟಕ್ಕೆ ಹತ್ತಿಸಿದರು. ಎರಡು ದಿನ ಅಲ್ಲೇ ಇಟ್ಟರು. ಹೆಂಚಿನ ಕಾವು, ಕುಡಿಯಲು ನೀರಿಲ್ಲ. ನಕ್ಷೆ ಎಳೆ ಎಂದರು. ಮೊದಲ ದಿನ ಒಲ್ಲೆ ಎಂದೆ. ಇದೊಂದನ್ನು ನೀನು ನಂಬಬೇಕು, ಮೊದಲ ದಿನ ಒಲ್ಲೆ ಎಂದೆ. ಎರಡನೆಯ ದಿನ ಬಲಗೈಯನ್ನು ತೊಲೆಯ ಮೇಲೆ ಒತ್ತಿ ಹಿಡಿದು ಸುತ್ತಿಗೆಯಿಂದ ಬೆರಳು ಜಜ್ಜಿದರು. ಒಂದಾಯಿತು, ಎರಡಾಯಿತು. ಮೂರನೆಯ ಬೆರಳಿಗೆ ಸುತ್ತಿಗೆ ಎತ್ತಿದಾಗ ಎಳೆಯುತ್ತೇನೆ ಎಂದೆ. ಎಡಗೈಯಲ್ಲಿ ಎಳೆದೆ. ನಕ್ಷೆ ಮಕ್ಕಳು ಬರೆದಂತಿರುವುದು ಅದಕ್ಕೇ. ಟಿಪ್ಪಣಿಯ ಅಂಕಿಗಳನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅದು ನನ್ನ ಧೈರ್ಯವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಧೈರ್ಯವಲ್ಲ. ಬಾಯಿ ಒಣಗಿ ಮಾತು ಹೊರಡುತ್ತಿರಲಿಲ್ಲ, ಅಷ್ಟೇ.

ಸಣ್ಣತಿಮ್ಮಯ್ಯ ಕುಡಿದು ತೆಂಗಿನ ಮರದಿಂದ ಬಿದ್ದು ಸತ್ತ ಎಂಬ ಪಂಚನಾಮೆಗೆ ಸಾಕ್ಷಿ ಹಾಕಿದವನು ನಾನು.

ಆ ದಿನ ಮಾಡಿದ್ದಕ್ಕೆ ನೋವಿತ್ತು, ಹೆದರಿಕೆಯಿತ್ತು. ಆದರೆ ಕಳೆದ ತಿಂಗಳು ‘ತಿದ್ದಿಬಿಡು’ ಎಂದು ಬರೆದಾಗ ನನ್ನ ಕೈಯನ್ನು ಯಾರೂ ತೊಲೆಯ ಮೇಲೆ ಒತ್ತಿ ಹಿಡಿದಿರಲಿಲ್ಲ. ಮಗಳು ಮಾಡಿಕೊಟ್ಟ ಕಾಫಿ ಪಕ್ಕದಲ್ಲಿತ್ತು. ಮೊಮ್ಮಗಳ ಮದುವೆ ಕಣ್ಣ ಮುಂದಿತ್ತು. ನೆಮ್ಮದಿ ಕೆಡಬಾರದೆಂದು ಬರೆದೆ. ಬಣ್ಣದ ಸಾಫ್ಟ್‌ವೇರೇ ಒಳ್ಳೆಯದು ಎಂದದ್ದೂ ಅದಕ್ಕೇ. ಅದು ನಕ್ಷೆಯನ್ನು ತೋರಿಸುತ್ತದೆ, ಅಂಕಿಗಳನ್ನು ಓದುವುದಿಲ್ಲ.

ಒಂದೇ ಒಂದು ಸಾಲಿನಲ್ಲಿ ನಿಜ ಬರೆದಿದ್ದರೆ ನೀನು ಪೊಲೀಸರನ್ನು ಕರೆದುಕೊಂಡು ಹೋಗುತ್ತಿದ್ದೆ. ನಿನ್ನ ಮೂಳೆ ಮುರಿದದ್ದು ನಾನು.

ಹನುಮಂತಯ್ಯ


ಹುಳಿಯಾರು
೯ ಏಪ್ರಿಲ್ ೨೦೨೫

ಹನುಮಂತಯ್ಯನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಹರಿಯಬೇಕೆಂದುಕೊಂಡೆ. ಹರಿಯದೆ ಭೂತಮ್ಮನ ಮನೆಗೆ ತೆಗೆದುಕೊಂಡು ಹೋಗಿ ಓದಿ ಹೇಳಿದೆ. ಅದನ್ನು ಆಮೇಲೆ ಬರೆಯುತ್ತೇನೆ.

ಏಪ್ರಿಲ್ ಆರರಂದು ಸೂಜಿಕಲ್ಲಿನ ಸಮುದಾಯ ಭವನದಲ್ಲಿ ಸಭೆ ಇತ್ತು. ನನ್ನ ದೂರಿನ ಮೇಲೆ ಬಂಧಿತನಾಗಿದ್ದ ವೀರಭದ್ರಯ್ಯ ಜಾಮೀನಿನ ಮೇಲೆ ಹೊರಗಿದ್ದ. ವೆಂಕಟಯ್ಯನವರು, “ಏನಾರಾ ಆಗ್ಲಿ ಕಣಮ್ಮಾ, ತೋರ್ಸು. ಸಾಫ್ಟ್‌ವೇರ್ ಆರ್ಸಕೇ ತಾನೇ ಸಭೆ ಕರ್ದಿರೋದು” ಎಂದರು. ಗೋಡೆಯ ಮುಂದೆ ಪರದೆಯ ಹಾಗೆ ಬಿಳಿ ಪಂಚೆ ಕಟ್ಟಿ, ಎದುರಿಗೆ ಪ್ರೊಜೆಕ್ಟರ್ ಇಟ್ಟೆವು. ನೂರೈವತ್ತು ಜನ ಸೇರಿದ್ದರು.

ಒಬ್ಬೊಬ್ಬರ ಜಮೀನನ್ನೂ ಮೊದಲು ಬಣ್ಣದ್ದರಲ್ಲಿ, ಆಮೇಲೆ ಬೋಳಿನಲ್ಲಿ ತೋರಿಸಿದೆ. “ನಂದೇ ಕಣ್ಲಾ ಅದು, ನೋಡು ಹುಣ್ಸೆ ಮರ” ಎಂದು ನಗಾಡುತ್ತಿದ್ದರು. ಎರಡರಲ್ಲೂ ಒಂದೇ ತೋಟ, ಒಂದೇ ಗೆರೆ. ನಲವತ್ತೇಳು ಬಂತು. ಬಣ್ಣದ್ದರಲ್ಲಿ ತೋರಿಸಿದೆ. ಬೋಳಿಗೆ ಬದಲಿಸಿದೆ. ಗೆರೆ ಎಪ್ಪತ್ತು ಅಡಿ ಆಚೆಗೆ ಹೋಗಿ ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ, “ಹಂಗಾರೆ ಸಣ್ಣತಿಮ್ಮಯ್ಯ ಹೇಳಿದ್ದು ನಿಜ” ಎಂದ.

ವೀರಭದ್ರಯ್ಯ ಮಚ್ಚು ಹಿಡಿದೇ ಬಂದಿದ್ದನೆಂದು ಕಾಣುತ್ತದೆ. ಮೊದಲು ಪಂಚೆಯನ್ನು ಸೀಳಿದ. ಸೀಳಿದರೂ ಗೆರೆ ಹಿಂದಿನ ಸುಣ್ಣದ ಗೋಡೆಯ ಮೇಲೆ ಹಾಗೇ ಬಿದ್ದಿತ್ತು. ಆಮೇಲೆ ನನ್ನ ಕಡೆ ತಿರುಗಿದ. ನಡುವೆ ಬಂದ ವೆಂಕಟಯ್ಯನವರ ಬೆನ್ನಿಗೆ ಏಟು ಬಿತ್ತು, ಹೆಗಲಿನಿಂದ ಸೊಂಟದವರೆಗೆ. ಅಂಗಿಯ ಜೊತೆ ಚರ್ಮವೂ ತೆರೆದುಕೊಂಡಿತು.

ಅಷ್ಟರಲ್ಲಿ ಜನ ಅವನ ಮೇಲೆ ಬಿದ್ದರು. ಕುರ್ಚಿಗಳಲ್ಲಿ ಹೊಡೆದರು, ಕಾಲಲ್ಲಿ ತುಳಿದರು. ಯಾರೋ ಮಂಡಿಯ ಮೇಲೆ ಕಲ್ಲು ಎತ್ತಿಹಾಕಿದರು. ಅವನು “ಅಪ್ಪಾ, ಅಪ್ಪಾ” ಎಂದು ಕಿರುಚುತ್ತಿದ್ದ. ನಿಲ್ಲಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬರಲಿಲ್ಲ ಎಂದು ಬರೆಯುತ್ತಿದ್ದೇನೆ, ಆದರೆ ನಾನು ಪ್ರಯತ್ನವನ್ನೂ ಮಾಡಲಿಲ್ಲ. ಜೀಪು ಬರದಿದ್ದರೆ ಅವನು ಸಾಯುತ್ತಿದ್ದ. ಅವತ್ತಿನಿಂದ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವಾಗೆಲ್ಲ ನನಗೆ ಇದು ಅಡ್ಡ ಬರುತ್ತಿದೆ.

ವೆಂಕಟಯ್ಯನವರಿಗೆ ಮೂವತ್ತೊಂದು ಹೊಲಿಗೆ. ಆಂಬುಲೆನ್ಸಿಗೆ ಹತ್ತಿಸುವಾಗ ಬೋರಲು ಮಲಗಿಕೊಂಡೇ, “ಬೋಳೇ ಇರ್ಲಿ ಅಂತ ಬರ್ಕಳಮ್ಮಾ, ಠರಾವು ಪಾಸಾಯ್ತು” ಎಂದರು.

ಇನ್ನು ಭೂತಮ್ಮ. ನಿಮ್ಮ ಕಾಗದವನ್ನು ಕೊನೆಯವರೆಗೂ ಕೇಳಿದಳು. ಸರಪಳಿ ಸಡಿಲವಾಯಿತು ಎಂಬಲ್ಲಿ ಇನ್ನೊಮ್ಮೆ ಓದು ಎಂದಳು. ಆಮೇಲೆ ಕೇಳಿದ್ದು ಇಷ್ಟೇ: “ಆ ಸರ್ವೆ ಅಯ್ಯ ಇನ್ನೂ ಬದುಕವ್ನಾ? ಹಂಗಾರೆ ಬರಾಕೇಳು.”

ಹೇಳಿದ್ದೇನೆ.

ಸುಷ್ಮಿತಾ


ತಿಪಟೂರು
೪ ಜೂನ್ ೨೦೨೫

ಸುಷ್ಮಿತಾ,

ನಿನ್ನ ಭುಜದ ತಗಡಿಗೆ ಕೀವಾಗಿ ಮತ್ತೆ ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಗೆ ಸೇರಿದ್ದೀಯೆ ಎಂದು ವೆಂಕಟಯ್ಯನವರು ಹೇಳಿದರು. ನೋಡಲು ಬರಬಹುದೇ ಎಂದು ಕೇಳುವ ಧೈರ್ಯವಾಗಲಿಲ್ಲ. ಇಲ್ಲಿ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಿಂದ ಬರೆಯುತ್ತಿದ್ದೇನೆ.

ಮೊಮ್ಮಗಳ ಮದುವೆ ಮುಗಿದ ಮೇಲೆ ಬರಬಹುದೆಂದು ಮೊದಲು ಯೋಚಿಸಿದೆ. ಅದೂ ಒಂದು ಮುಂದೂಡುವ ಉಪಾಯವೆಂದು ಗೊತ್ತಾಯಿತು. ಮಗಳು ಅಳಿಯನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅಳಿಯ ಎದ್ದು ಹೊರಗೆ ಹೋದರು. ಮಗಳು ನನ್ನ ಬೆರಳುಗಳನ್ನು ನೋಡುತ್ತ ಕೂತಳು. ಮಾರನೆಯ ದಿನ ಅವಳೇ ರೈಲಿನ ಟಿಕೆಟ್ ಮಾಡಿಸಿದಳು.

ಜೂನ್ ಎರಡರಂದು ಪೊಲೀಸರ ಮುಂದೆಯೂ ನ್ಯಾಯಾಧೀಶರ ಮುಂದೆಯೂ ಹೇಳಿಕೆ ಕೊಟ್ಟೆ. ವೀರಭದ್ರಯ್ಯನ ಮೇಲೆ ಈಗ ಕೊಲೆಯ ಪ್ರಕರಣ, ಅವನು ಜೈಲಿನಲ್ಲಿದ್ದಾನೆ. ಸುಳ್ಳು ದಾಖಲೆ ಮಾಡಿದ್ದಕ್ಕೆ, ಸುಳ್ಳು ಸಾಕ್ಷಿ ಹಾಕಿದ್ದಕ್ಕೆ ನನ್ನ ಮೇಲೂ ಪ್ರಕರಣ ಬೀಳಬಹುದೆಂದರು. ಬೀಳಲಿ ಎಂದೆ.

ನಿನ್ನೆ ಬೆಳಿಗ್ಗೆ ಸೂಜಿಕಲ್ಲಿಗೆ ಹೋದೆ. ಭೂತಮ್ಮ ಬಾಗಿಲ ಮುಂದೆ ನಿಂತಿದ್ದಳು. ಕೈಗೆ ಇನ್ನೂ ಪಟ್ಟಿಯಿತ್ತು. ನಾನು ಹೆಸರು ಹೇಳಿದೆ. ಅವಳು ಚೆನ್ನಾಗಿರುವ ಕೈಯಿಂದ ನನ್ನ ಕೆನ್ನೆಗೆ ಹೊಡೆದಳು. ಕನ್ನಡಕ ಹಾರಿ ಬಿತ್ತು. ಮತ್ತೆ ಹೊಡೆದಳು. ಮೂರನೆಯದಕ್ಕೆ ನಾನು ನೆಲಕ್ಕೆ ಕೂತೆ. ಬಾಯಲ್ಲಿ ರಕ್ತದ ರುಚಿ. ಅವಳು ಹತ್ತಿರ ಬಂದು ನನಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

“ಮರ ಸಿಕ್ತವೆ ಅಂತ ಆ ಹುಡ್ಗಿ ಹೇಳ್ತು. ಮರ ಅತ್ಲಾಗಿರ್ಲಿ ಬುಡು. ನನ್ ಗಂಡ ಹೆಂಡ ಮುಟ್ದೋನಲ್ಲ. ಮರ ಹತ್ತೋಕೆ ಬತ್ತಿರ್ಲಿಲ್ಲ ಅವ್ನಿಗೆ, ಕಾಯಿ ಕೀಳಕೂ ಆಳು ಕರೀತಿದ್ದ. ಮೂವತ್ತೆರಡು ವರ್ಷ ಈ ಊರು ನನ್ನ ಕುಡ್ದು ಬಿದ್ದೋನ ಹೆಂಡ್ತಿ ಅಂತು. ನೀನು ರುಜು ಹಾಕ್ದೆ, ಅವ್ರು ನಂಬುದ್ರು. ಕೋರ್ಟಲ್ಲಿ ಹೇಳುದ್ರೆ ನಂಗೇನು? ಎದ್ದೇಳು. ಒಂದೊಂದ್ ಮನೆ ಬಾಗ್ಲಲ್ಲೂ ನಿಂತು ಹೇಳು.”

ಕನ್ನಡಕದ ಒಂದು ಗಾಜು ಒಡೆದಿತ್ತು. ಹಾಕಿಕೊಂಡು ಎದ್ದೆ. ಊರಿನಲ್ಲಿ ನಲವತ್ತೊಂದು ಮನೆ. ಅವಳು ಮುಂದೆ, ನಾನು ಹಿಂದೆ. ಪ್ರತಿ ಬಾಗಿಲಲ್ಲಿ ಇಷ್ಟನ್ನೇ ಹೇಳಿದೆ: “ಸಣ್ಣತಿಮ್ಮಯ್ಯ ಕುಡಿದಿರಲಿಲ್ಲ. ಮರದಿಂದ ಬೀಳಲಿಲ್ಲ. ವೀರಭದ್ರಯ್ಯ ಹಾರೆಯಿಂದ ಹೊಡೆದು ಕೊಂದ. ನಾನು ನೋಡಿದೆ. ಸುಳ್ಳು ಹೇಳಿದೆ.”

ಮೊದಲ ಮನೆಯಲ್ಲಿ ಸಣ್ಣತಿಮ್ಮಯ್ಯನ ಹೆಸರನ್ನಷ್ಟೇ ಹೇಳಿ ನಿಲ್ಲಿಸಿದೆ. ಭೂತಮ್ಮ ಕಾದಳು. ನಾಲ್ಕನೆಯ ಮನೆಯವರು ಬಾಗಿಲು ಹಾಕಿಕೊಂಡರು. ಮುಚ್ಚಿದ ಬಾಗಿಲಿಗೇ ಹೇಳಿದೆ. ಒಂದು ಕಡೆ ಒಬ್ಬ ಯುವಕ ನನ್ನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಅವನ ತಾಯಿ ಬಂದು ಬಿಡಿಸಿದರು. ಎಲ್ಲಿಂದಲೋ ಬಂದ ಕಲ್ಲು ಬೆನ್ನಿಗೆ ಬಿತ್ತು. ತಿರುಗಿ ನೋಡಲಿಲ್ಲ. ಒಂದು ಜಗಲಿಯ ಮೇಲೆ ಹಣ್ಣು ಮುದುಕಿ ಪುಟ್ಟಗಂಗಮ್ಮ ಕೂತಿದ್ದಳು. ಕೇಳಿಸಿಕೊಂಡು ಭೂತಮ್ಮನ ಕೈ ಹಿಡಿದು, “ತಪ್ಪಾಯ್ತು ಕಣೇ” ಎಂದಳು. ಭೂತಮ್ಮ ಕೈ ಬಿಡಿಸಿಕೊಂಡು ಮುಂದೆ ನಡೆದಳು.

ಬಿಸಿಲು ನೆತ್ತಿಗೆ ಬಂದಾಗ ಉಳಿದದ್ದು ಒಂದೇ ಮನೆ, ವೀರಭದ್ರಯ್ಯನದು. ಅಲ್ಲಿ ಮೆಟ್ಟಿಲ ಕೆಳಗೆ ನಿಂತೆ. ಅದನ್ನು ಬಿಡೋಣವೇ ಎಂದು ಕೇಳಲು ಭೂತಮ್ಮನ ಮುಖ ನೋಡಿದೆ. ಕೇಳಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

ತೆರೆದವರು ಅವನ ಹೆಂಡತಿ ಶಿವರುದ್ರಮ್ಮ. ಹಣೆಗೆ ವಿಭೂತಿ, ಕೈಯಲ್ಲಿ ಅನ್ನದ ಸೌಟು. ಊರಿನ ಗದ್ದಲ ಅವರಿಗೆ ಆಗಲೇ ಕೇಳಿರಬೇಕು. ನಾನು ತಲೆ ತಗ್ಗಿಸಿ ನನ್ನ ಮಾತುಗಳನ್ನು ಹೇಳಿದೆ. ಸೌಟಿನಿಂದ ಹೊಡೆಯುತ್ತಾರೆ ಎಂದುಕೊಂಡೆ. ಅವರು ಹೊಸಿಲಿನ ಮೇಲಿಂದಲೇ ಭೂತಮ್ಮನ ಕೈಯ ಪಟ್ಟಿಯನ್ನು ನೋಡಿದರು. ಆಮೇಲೆ ಬಾಗಿಲಿನ ಇನ್ನೊಂದು ರೆಕ್ಕೆಯನ್ನೂ ಪೂರ್ತಿ ತೆರೆದರು.

“ಇನ್ನೊಂದ್ಸಲ ಹೇಳ್ರಿ” ಎಂದರು. “ಮಗ ಒಳಗವ್ನೆ. ಅವ್ನಿಗೂ ಕೇಳ್ಲಿ.”

ನಾನು ಮತ್ತೆ ಮೊದಲಿನಿಂದ ಹೇಳಿದೆ, ಗಟ್ಟಿಯಾಗಿ.

ಇತಿ,
ಹನುಮಂತಯ್ಯ